ಶನಿವಾರ ಉಳುಕಿ ಗುರುವಾರ ಬಿದ್ದ ಕಾಲು

ನರ್ಸಿಂಗ್ ಓದುವ ಹುಡುಗಿಯರಿಗೆ ಶರೀರಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಪೆಟ್ಟು ಬಿದ್ದ ಜಾಗ ಯಾಕೆ ಊದುತ್ತದೆ, ಊದಿದ್ದು ಹೇಗೆ ಇಳಿಯುತ್ತದೆ ಎಂಬ ಪಾಠವನ್ನು ಎಷ್ಟೋ ವರ್ಷಗಳಿಂದ ಹಲಗೆಯ ಮೇಲೆ ಬರೆದು ಅಳಿಸಿದ್ದೇನೆ. ನಲವತ್ತೇಳನೇ ವಯಸ್ಸಿನಲ್ಲಿ, ಹಾಡಹಗಲಲ್ಲಿ, ಪಕ್ಕದ ಮನೆಯ ಚಕ್ಕೋತ ಕದಿಯಲು ಗೋಡೆ ಹತ್ತಿ ಬಿದ್ದ ಮೇಲೆ ಆ ಪಾಠ ನನಗೆ ಸರಿಯಾಗಿ ಅರ್ಥವಾಯಿತು.

ಪಕ್ಕದ ಮನೆ ಎಂದರೆ ಪರಕೀಯರದಲ್ಲ. ನನ್ನ ಅತ್ತೆಯ ವಾರಗಿತ್ತಿ, ಅಂದರೆ ನನ್ನ ಮಾವನ ಅಣ್ಣನ ಹೆಂಡತಿಯ ಮನೆ. ನಾನು ಅವರನ್ನು ದೊಡ್ಡತ್ತೆ ಎನ್ನುತ್ತೇನೆ. ಬೂದಿಗೆರೆ ಕಡೆಯ ನಮ್ಮ ಊರಿನಲ್ಲಿ ಮೊದಲು ಎರಡೂ ಸಂಸಾರಕ್ಕೆ ಒಂದೇ ಮನೆ, ಒಂದೇ ಹಿತ್ತಲು ಇತ್ತಂತೆ. ಭಾಗವಾದಾಗ ಹಿತ್ತಲ ನಡುವೆ ಗೋಡೆ ಎದ್ದಿತು. ಅತ್ತೆ ದೇವನಹಳ್ಳಿಯ ತವರಿನಿಂದ ಸಸಿ ತಂದು, ಬಚ್ಚಲ ನೀರು ಹಾಯಿಸಿ ಬೆಳೆಸಿದ ಚಕ್ಕೋತ ಮರ ಗೋಡೆಯ ಆಚೆಗೆ ಹೋಯಿತು. ಬದಲಿಗೆ ನಮ್ಮ ಕಡೆಗೆ ಒಗೆಯುವ ಕಲ್ಲು ಬಂತು. ಈ ಭಾಗ ಮಾಡಿದ ಪಂಚರಿಗೆ ಅತ್ತೆ ಈಗಲೂ ಒಳ್ಳೆಯದನ್ನು ಹಾರೈಸುವುದಿಲ್ಲ.

ಹಾಗಂತ ಇಬ್ಬರೂ ಜಗಳವಾಡುವವರಲ್ಲ. ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಜೊತೆಯಲ್ಲೇ ಹೋಗುತ್ತಾರೆ. ಚಕ್ಕೋತದ ವಿಷಯ ಮಾತ್ರ ಎತ್ತುವುದಿಲ್ಲ. ಆದರೆ ಆ ವರ್ಷ ದೊಡ್ಡತ್ತೆ ಡೇರಿಯಲ್ಲಿ ನಾಲ್ಕು ಜನರ ಮುಂದೆ ಒಂದು ಮಾತು ಆಡಿಬಿಟ್ಟರು: "ಆ ಮರ ಮೊದ್ಲು ಹುಳಿ ಬಿಡ್ತಿತ್ತು ಕಣ್ರವ್ವ. ನನ್ ಕೈಗೆ ಬಂದ್ಮೇಲೆ ನೋಡಿ, ಕಲ್ಸಕ್ಕರೆ."

ಅತ್ತೆ ಖಾಲಿ ಕ್ಯಾನು ಹಿಡಿದು ಮನೆಗೆ ಬಂದವರು ಅದನ್ನು ಕೆಳಗಿಡಲೇ ಇಲ್ಲ. ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ.

"ಹುಳಿ ಬಿಡ್ತಿತ್ತಂತೆ," ಎಂದರು.

"ಬಿಡಿ ಅತ್ತೆ."

"ನಾನು ಒಂದ್ಸಲ ತಿಂದ್ ನೋಡ್ಬೇಕು."

ಕೇಳಿದರೆ ದೊಡ್ಡತ್ತೆ ಖಂಡಿತ ಕೊಡುತ್ತಿದ್ದರು. ಕೇಳಬೇಕಲ್ಲ.

ಆ ಶನಿವಾರ ದೊಡ್ಡತ್ತೆಯ ಮನೆಯವರೆಲ್ಲ ಹೊಸಕೋಟೆಗೆ ನಾಮಕರಣಕ್ಕೆ ಹೋದರು. ನನ್ನ ಗಂಡ ಕೆಲಸಕ್ಕೆ ಹೋಗಿದ್ದರು. ಊಟವಾಗಿ ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಅತ್ತೆ ಹಣ್ಣು ಕೀಳುವ ದೋಟಿ ಹಿಡಿದು ಬಾಗಿಲಲ್ಲಿ ನಿಂತರು. ನಾನು ಪೆನ್ನು ಮುಚ್ಚಿಟ್ಟು ಎದ್ದೆ. ಯಾಕೆ ಎದ್ದೆ ಎಂದು ನಂತರ ಬಹಳ ಸಲ ಯೋಚಿಸಿದ್ದೇನೆ. ಆ ಮಧ್ಯಾಹ್ನ ತಿದ್ದಿದ ಉತ್ತರಪತ್ರಿಕೆಗಳು ಅಷ್ಟು ಬೇಸರ ತರಿಸಿದ್ದವು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ನನಗೂ ಚಕ್ಕೋತ ಇಷ್ಟ.

ಒಗೆಯುವ ಕಲ್ಲಿನ ಮೇಲೆ ಕುರ್ಚಿ ಇಟ್ಟು ಗೋಡೆಯ ಮೇಲೆ ಕೂತೆ. ಅತ್ತೆ ದೋಟಿ ಕೊಟ್ಟರು. ಮೊದಲ ಎರಡು ಹಣ್ಣು ಸಲೀಸಾಗಿ ಬಂದು ಅತ್ತೆಯ ಸೆರಗಿಗೆ ಬಿದ್ದವು. ಅಲ್ಲಿಗೆ ಇಳಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಅಗೋ, ಆ ದಪ್ಪಂದು," ಎಂದರು ಅತ್ತೆ. ದಪ್ಪಂದಕ್ಕೆ ಕೈ ಚಾಚಿದೆ. ಗೋಡೆಯ ಮೇಲಿನ ಇಟ್ಟಿಗೆ ಹೊರಳಿತು. ಕೊಂಬೆ ಹಿಡಿದುಕೊಂಡೆ, ಕೊಂಬೆಯೂ ನನ್ನ ಜೊತೆಯಲ್ಲೇ ಬಂತು. ಬಿದ್ದದ್ದು ಆಚೆ ಕಡೆಗೆ, ದೊಡ್ಡತ್ತೆಯ ದಂಟಿನ ಸೊಪ್ಪಿನ ಮಡಿಯೊಳಕ್ಕೆ. ಎಡಗಾಲು ಒಳಕ್ಕೆ ಮಡಚಿ, ಅದರ ಮೇಲೆ ನನ್ನ ಉಳಿದ ಭಾಗವೆಲ್ಲ ಕೂತುಕೊಂಡಿತು. ನನ್ನ ಉಳಿದ ಭಾಗ ಕಡಿಮೆಯೇನಿಲ್ಲ.

ಗೋಡೆಯ ಆಚೆಯಿಂದ ಅತ್ತೆಯ ದನಿ ಬಂತು. "ಸಿಕ್ತಾ?"

ಸಿಕ್ಕಿತ್ತು. ಹಣ್ಣು ನನ್ನ ಮಡಿಲಲ್ಲೇ ಇತ್ತು. ಕಾಲಿನ ಹರಡಿನ, ಅಂದರೆ ಪಾದದ ಮೇಲಿನ ಗಂಟಿನ, ಹೊರಗಡೆ, ನಾನು ನೋಡುತ್ತಿದ್ದಂತೆಯೇ, ಒಂದು ನಿಂಬೆಹಣ್ಣಿನಷ್ಟು ಊದಿಕೊಂಡಿತು. ಎಲುಬು ಒತ್ತಿ ನೋಡಿದೆ, ಮುರಿದಿರಲಿಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಬಲ್ಲೆನೇ ಎಂದು ಪರೀಕ್ಷಿಸಿದೆ. ಹಾಕಬಲ್ಲೆ, ಆದರೆ ಮುಖ ಯಾರಿಗೂ ತೋರಿಸುವಂತಿರಲಿಲ್ಲ. ಗೋಡೆ ಮತ್ತೆ ಹತ್ತುವ ಮಾತೇ ಇರಲಿಲ್ಲ. ಓಣಿಗೆ ತೆರೆಯುವ ದೊಡ್ಡತ್ತೆಯ ಹಿತ್ತಲ ಬಾಗಿಲ ಚಿಲಕ ತೆಗೆದು, ಹಣ್ಣನ್ನು ಸೆರಗಿನಲ್ಲಿ ಮುಚ್ಚಿ, ಸುತ್ತು ಹಾಕಿ ಮನೆ ಸೇರಿದೆ. ಒಳಗಿನ ಚಿಲಕವನ್ನು ಹೊರಗಿನಿಂದ ಹಾಕಲು ಬರುವುದಿಲ್ಲ ಎಂಬುದು ಅರ್ಧ ದಾರಿಯಲ್ಲಿ ಹೊಳೆಯಿತು.

ಅತ್ತೆ ಆಗಲೇ ಒಂದು ಹಣ್ಣು ಬಿಡಿಸಿ ಕೂತಿದ್ದರು. ಒಂದು ತೊಳೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಸಪ್ಪೆ," ಎಂದು ತೀರ್ಪು ಕೊಟ್ಟರು. ಆಮೇಲೆ ಪೂರ್ತಿ ತಿಂದರು.

ಸಂಜೆ ದೊಡ್ಡತ್ತೆ ಊರಿಂದ ಬಂದು ಹಿತ್ತಲಿಗೆ ಹೋದರು. ಆಮೇಲೆ ಅವರ ದನಿ ಗೋಡೆ ದಾಟಿ ಬಂತು, ಯಾರಿಗೂ ಹೇಳುತ್ತಿಲ್ಲವೆಂಬಂತೆ, ಎಲ್ಲರಿಗೂ ಕೇಳುವಂತೆ: "ಹಣ್ಣು ಹೋದ್ರೆ ಹೋಗ್ಲಿ. ಸೊಪ್ಪಿನ್ ಮಡಿ ಮೇಲೆ ಕುಂತವ್ರೆ. ಗುರುತು ನೋಡಿದ್ರೆ ಯಾರೋ ಚೆನ್ನಾಗ್ ಉಂಡು ತಿಂದೋರು. ಕಾಲಂತೂ ಉಳುಕಿರ್ತದೆ. ನಾಳೆ ಯಾರು ಕುಂಟ್ತಾರೆ ನೋಡಾನ."

ಅತ್ತೆ ನನ್ನ ಕಡೆ ನೋಡಿದರು. "ನಾಳೆ ನೀನು ಕುಂಟ್ಬಾರ್ದು," ಎಂದರು.

ಕುಂಟದೆ ಇರುವ ಒಂದೇ ಉಪಾಯ ನಡೆಯದೆ ಇರುವುದು. ಹಾಗಾಗಿ ನನಗೆ ಜ್ವರ ಬಂತು. ಭಾನುವಾರದಿಂದ ಬುಧವಾರದವರೆಗೆ ಕಂಬಳಿ ಹೊದ್ದು ಮಲಗಿದೆ. ಕಾಲ ಕೆಳಗೆ ಎರಡು ದಿಂಬು. ಗಂಡನ ಹತ್ತಿರವೂ ಜ್ವರ ಎಂದೇ ಹೇಳಿದ್ದೆವು. ಅವರು ನಂಬಿ ಮಾತ್ರೆ ತಂದುಕೊಟ್ಟರು. ಅತ್ತೆ ಮಾತ್ರ ಹೊತ್ತುಹೊತ್ತಿಗೆ ಬಾಗಿಲು ಹಾಕಿ, ಕಂಬಳಿ ಎತ್ತಿ, ಬಟ್ಟೆಯಲ್ಲಿ ಸುತ್ತಿದ ಐಸು ಇಟ್ಟು ಕಾಲನ್ನು ನೋಡುತ್ತಿದ್ದರು. ಸೋಮವಾರ ಅದು ನಿಂಬೆಹಣ್ಣು ದಾಟಿ ಬದನೆಕಾಯಿಯ ಆಕಾರಕ್ಕೂ ಬಣ್ಣಕ್ಕೂ ಬಂದಿತ್ತು.

"ಅಲ್ಲ ಕಣೆ," ಎಂದರು ಅತ್ತೆ, "ಬಿದ್ದಿದ್ದು ಸೊಪ್ಪಿನ್ ಮಡಿ ಮೇಲೆ. ಗಾಯ ಇಲ್ಲ, ರಕ್ತ ಇಲ್ಲ. ಈ ನೀರು ಎಲ್ಲಿಂದ ಬಂತು?"

ಇಷ್ಟು ವರ್ಷದಲ್ಲಿ ನನ್ನ ತರಗತಿಯಲ್ಲಿ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ನಾನು ದಿಂಬಿಗೆ ಒರಗಿ ಹೇಳಿದೆ. ಈ ನೀರು ಹೊರಗಿನಿಂದ ಬಂದದ್ದಲ್ಲ, ರಕ್ತದೊಳಗಿನದೇ. ಕೂದಲಿಗಿಂತ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಾಮಾನ್ಯ ದಿನಗಳಲ್ಲಿ ಅವುಗಳ ಸಂದಿಯಿಂದ ನೀರು, ಉಪ್ಪು, ಸಕ್ಕರೆ ಸಲೀಸಾಗಿ ಆಚೆ ಹೋಗುತ್ತವೆ, ಪ್ರೋಟೀನು ಹೆಚ್ಚು ಹೋಗುವುದಿಲ್ಲ. ಪೆಟ್ಟು ಬಿದ್ದಾಗ ಆ ಜಾಗದ ಕೋಶಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವು ತಾಗಿದ ತಕ್ಷಣ ನಾಳದ ಗೋಡೆಯ ಕೋಶಗಳು ಮುದುಡಿಕೊಳ್ಳುತ್ತವೆ, ಸಂದಿ ಅಗಲವಾಗುತ್ತದೆ.

"ಅವೇ ಬಾಗ್ಲು ತಗೀತವೆ ಅನ್ನು."

"ಹೂಂ ಅತ್ತೆ. ರಿಪೇರಿ ಮಾಡೋ ಸಾಮಾನು ಗಾಯದ ಜಾಗಕ್ಕೆ ಬರಲಿ ಅಂತ. ಆಗ ಪ್ರೋಟೀನೂ ಆಚೆ ಬರ್ತದೆ. ಅದು ಬಂದ್ಮೇಲೆ ನೀರನ್ನ ಇನ್ನೂ ಎಳ್ಕೊಳ್ತದೆ. ಅದಕ್ಕೇ ಊದೋದು. ನಂದ್ರಲ್ಲಿ ಕೆಲವು ನಾಳ ಹರಿದೂ ಹೋಗಿವೆ, ಅದಕ್ಕೆ ಈ ನೀಲಿ."

"ಮತ್ತೆ ಆಚೆ ಬಂದಿದ್ದು ವಾಪಸ್ ಹೋಗಲ್ವ?"

"ನೀರು ಒಂದಷ್ಟು ಹೋಗ್ತದೆ. ಪ್ರೋಟೀನು ಬಂದ ದಾರೀಲಿ ಹೋಗೋಕಾಗಲ್ಲ. ಅದಕ್ಕೆ ಬೇರೆ ನಾಳ ಇದೆ. ದುಗ್ಧನಾಳ ಅಂತ. ಅದು ಹೀರ್ಕೊಂಡು, ಮಂಡಿ ಹಿಂದಿನ ಗಂಟು, ತೊಡೆಸಂದಿ ಗಂಟು ದಾಟಿ, ಹೊಟ್ಟೆ, ಎದೆ ಹಾದು, ಕೊನೆಗೆ ಕತ್ತಿನ ಹತ್ರ ರಕ್ತಕ್ಕೇ ಸೇರಿಸ್ತದೆ."

ಅತ್ತೆ ಸ್ವಲ್ಪ ಹೊತ್ತು ಕಾಲನ್ನೂ ನನ್ನ ಕತ್ತನ್ನೂ ಅಳೆಯುವಂತೆ ನೋಡಿದರು. "ನಿನ್ ಹಂಗೇ ಅನ್ನು. ಗೋಡೆ ಮೇಲಿಂದ ಹೋದೆ, ಹಿತ್ಲ ಬಾಗ್ಲಿಂದ ಬಂದೆ." ಆಮೇಲೆ ಅನುಮಾನದಿಂದ ಕೇಳಿದರು, "ದುಗ್ಧ ಅಂದ್ರೆ ಹಾಲಲ್ವ? ಕಾಲಲ್ಲಿ ಹಾಲಾ?"

ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿನಿಯರೂ ಪ್ರತಿವರ್ಷ ಕೇಳುತ್ತಾರೆ. ಊಟವಾದ ಮೇಲೆ ಕರುಳಿನ ಕೊಬ್ಬು ಅದೇ ನಾಳಗಳಲ್ಲಿ ಹೋಗುವಾಗ ಬೆಳ್ಳಗೆ ಹಾಲಿನಂತೆ ಕಾಣುತ್ತದೆ, ಅದಕ್ಕೇ ಆ ಹೆಸರು ಎಂದೆ. ಕಾಲಿನಲ್ಲಿ ಹರಿಯುವುದು ಬರೀ ತಿಳಿನೀರು. ಈಗ ನನ್ನ ಕಾಲಿನಲ್ಲಿ ಮಾತ್ರ ಅದರಲ್ಲಿ ಪ್ರೋಟೀನು ಹೆಚ್ಚು, ಸೋರಿದ ರಕ್ತಕಣವೂ ಒಂದಿಷ್ಟು ಇರಬಹುದು. ಅತ್ತೆ ಎಣ್ಣೆ ಬಿಸಿ ಮಾಡಿ ತಿಕ್ಕುತ್ತೇನೆಂದು ಹೊರಟರು. ಹೊಸದಾಗಿ ಪೆಟ್ಟು ಬಿದ್ದ ಜಾಗಕ್ಕೆ ಬಿಸಿ ಎಣ್ಣೆ ತಿಕ್ಕಿದರೆ ಇನ್ನಷ್ಟು ಸೋರುತ್ತದೆ ಎಂದು ತಡೆದೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ದೊಡ್ಡತ್ತೆ ಗಂಜಿ ತಂದಿದ್ದರು. ಅತ್ತೆ ಕಂಬಳಿಯನ್ನು ನನ್ನ ಗಲ್ಲದವರೆಗೆ ಎಳೆದು ಬಾಗಿಲು ತೆಗೆದರು. ದೊಡ್ಡತ್ತೆ ಹಣೆ ಮುಟ್ಟಿ ನೋಡಿದರು.

"ಮೈ ತಣ್ಣಗೈತೆ."

"ಒಳಜ್ವರ," ಎಂದರು ಅತ್ತೆ.

ದೊಡ್ಡತ್ತೆ ಕಂಬಳಿಯ ಕೊನೆಯಲ್ಲಿ ಗುಡ್ಡದಂತೆ ಎದ್ದಿದ್ದ ನನ್ನ ಕಾಲಿನ ಕಡೆ ಒಮ್ಮೆ ನೋಡಿದರು. "ಗಂಜಿ ಕುಡಿ," ಎಂದು ಹೇಳಿ ಹೋದರು.

ಗುರುವಾರ ಕಾಲೇಜಿಗೆ ಹೋಗಲೇಬೇಕಿತ್ತು. ಕುಂಟದೆ ಹೋಗುವುದು ಸಾಧ್ಯವಿರಲಿಲ್ಲ. ಬುಧವಾರ ಸಂಜೆ ಅತ್ತೆಯೇ ದಾರಿ ಕಂಡುಹಿಡಿದರು. ಕುಂಟುವುದಕ್ಕೆ ಒಂದು ನ್ಯಾಯವಾದ ಕಾರಣ ಬೇಕು, ಅದನ್ನು ದೊಡ್ಡತ್ತೆ ಕಣ್ಣಾರೆ ಕಾಣಬೇಕು. ಅಂದರೆ ನಾನು ಇನ್ನೊಂದು ಸಲ ಬೀಳಬೇಕು. ಗುರುವಾರ ಬೆಳಿಗ್ಗೆ ದೊಡ್ಡತ್ತೆ ಕ್ಯಾನು ಹಿಡಿದು ನಮ್ಮ ಮನೆ ಮುಂದೆ ಬರುವ ಹೊತ್ತಿಗೆ ಅತ್ತೆ ಮೆಟ್ಟಿಲಿಗೆ ಸೋಪಿನ ನೀರು ಹಾಕಿರುತ್ತಾರೆ. ನಾನು ಮೆಲ್ಲಗೆ ಜಾರಿ ಕೂರಬೇಕು. ಅತ್ತೆ ಕೂಗಬೇಕು.

ಎಲ್ಲ ಹಾಗೇ ನಡೆಯಿತು, ಕ್ರಮ ಒಂದು ಮಾತ್ರ ತಪ್ಪಿತು. ದೊಡ್ಡತ್ತೆ ಬಂದರು. ನಾನು ಬಾಗಿಲು ಹಿಡಿದು, ಒಳ್ಳೆಯ ಕಾಲನ್ನು ಮೆಟ್ಟಿಲ ಮೇಲಿಟ್ಟು, ಹೇಗೆ ಕೂತರೆ ನೋವಾಗುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಅತ್ತೆಗೆ ಕಾಯಲು ಆಗಲಿಲ್ಲ.

"ಅಯ್ಯೋ ಶಿವನೇ, ಬಿದ್ಬಿಟ್ಲಲ್ಲಪ್ಪ."

ದೊಡ್ಡತ್ತೆ ತಿರುಗಿ ನೋಡಿದರು. ನಾನು ಇನ್ನೂ ನಿಂತೇ ಇದ್ದೆ. ಒಂದು ಗಳಿಗೆ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಇನ್ನೇನು ಮಾಡುವುದು, ನಿಧಾನವಾಗಿ ಕೂತುಕೊಂಡೆ. ಸೋಪಿನ ನೀರು ಸೀರೆಗೆ ಹತ್ತಿತು.

"ಪೆಟ್ಟಾಯ್ತಾ?" ಎಂದರು ದೊಡ್ಡತ್ತೆ, ಬಹಳ ಶಾಂತವಾಗಿ.

"ಕಾಲು," ಎಂದೆ.

"ಆಗ್ತದೆ. ಸಂಜೆ ಮಗೀನ್ ಕಳಿಸ್ತೀನಿ, ನೋಡ್ತಾಳೆ."

ಮಗು ಎಂದರೆ ಅವರ ಮೊಮ್ಮಗಳು. ಅವಳು ನನ್ನದೇ ಕಾಲೇಜಿನಲ್ಲಿ ಮೊದಲ ವರ್ಷದ ನರ್ಸಿಂಗ್ ಓದುತ್ತಾಳೆ. ಕಾಲೇಜಿನಲ್ಲಿ ನನಗೆ ಮೇಡಂ ಎನ್ನುತ್ತಾಳೆ, ಮನೆಯಲ್ಲಿ ಚಿಕ್ಕಮ್ಮ. ಯಾವುದಕ್ಕೂ ಬೇಗ ಮಾತಾಡುವವಳಲ್ಲ, ಬರೆದುಕೊಳ್ಳುವವಳು. ಅದು ನನಗೆ ನೆನಪಾಗಿದ್ದರೆ ಗುರುವಾರದ ಯೋಜನೆಗೆ ಒಪ್ಪುತ್ತಿರಲಿಲ್ಲ. ಆ ದಿನ ಕಾಲೇಜೂ ತಪ್ಪಿತು; ಬಿದ್ದವಳು ತಕ್ಷಣ ಎದ್ದು ಕೆಲಸಕ್ಕೆ ಹೋದರೆ ಚೆನ್ನಾಗಿರುವುದಿಲ್ಲ ಎಂದು ಅತ್ತೆ ಬಿಡಲಿಲ್ಲ.

ಸಂಜೆ ಅವಳು ಬಂದು ಮಂಚದ ತುದಿಯಲ್ಲಿ ಕೂತು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳಿಂದ ಒತ್ತಿದಳು. ಗುಳಿ ಬಿದ್ದು ನಿಧಾನವಾಗಿ ತುಂಬಿಕೊಂಡಿತು. ಹೊರಳಿಸಿ ಹಿಮ್ಮಡಿ ನೋಡಿದಳು. ಅಲ್ಲಿ ನೀಲಿ ಕೆಳಗಿಳಿದು ಕಿರುಬೆರಳಿನವರೆಗೆ ಹರಿದಿತ್ತು. ಹರಡಿನ ಸುತ್ತ ಅಂಚಿನಲ್ಲಿ ಹಸಿರು, ಅದರಾಚೆ ತೆಳ್ಳಗೆ ಹಳದಿ.

"ಬೆಳಿಗ್ಗೆ ಬಿದ್ದಿದ್ದಾ ಚಿಕ್ಕಮ್ಮ?"

"ಹೂಂ."

"ಇವತ್ ಬೆಳಿಗ್ಗೆ?"

"ಹಾಲು ಹಾಕೋ ಹೊತ್ತಿಗೆ," ಎಂದರು ಅತ್ತೆ.

ಅವಳು ತಲೆಯಾಡಿಸಿ ಕಾಲನ್ನು ದಿಂಬಿನ ಮೇಲಿಟ್ಟಳು. "ಬೆರಳು ಆಡಿಸ್ತಿರಿ. ಮೇಲೆತ್ತಿಟ್ಕೊಳಿ," ಎಂದು ನನಗೆ ನನ್ನ ಪಾಠವನ್ನೇ ಹೇಳಿ ಹೋದಳು. ಅವಳು ಹೋದ ಮೇಲೆ ನನಗೆ ಶನಿವಾರ ತಿದ್ದಿದ ಉತ್ತರಪತ್ರಿಕೆ ನೆನಪಾಯಿತು. ಚರ್ಮದ ಕೆಳಗೆ ಸೋರಿದ ರಕ್ತ ಮೊದಲು ಕೆಂಪು-ನೀಲಿ, ಹಸಿರಿಗೆ ತಿರುಗಲು ದಿನಗಳು ಬೇಕು ಎಂದು ಬರೆದವಳು ಅವಳೇ. ಪೂರ್ತಿ ಅಂಕ ಕೊಟ್ಟವಳು ನಾನೇ.

ಶುಕ್ರವಾರ ಕಾಲೇಜಿಗೆ ಹೋದೆ. ಕ್ರೇಪ್ ಬ್ಯಾಂಡೇಜ್ ಸುತ್ತಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಇಟ್ಟು ಪಾಠ ಶುರುಮಾಡಿದೆ. ಹುಡುಗಿಯರಿಗೆ ಕಾಲು ಹಲಗೆಗಿಂತ ಹೆಚ್ಚು ಇಷ್ಟವಾಯಿತು. ಊದಿದ ಕಾಲನ್ನು ಎತ್ತಿಟ್ಟರೆ ಯಾಕೆ ಇಳಿಯುತ್ತದೆ, ಮೀನಖಂಡ ಆಡಿಸಿದರೆ ದುಗ್ಧರಸ ಹೇಗೆ ಮೇಲಕ್ಕೆ ತಳ್ಳಿಕೊಂಡು ಹೋಗುತ್ತದೆ, ಹಿಂದಕ್ಕೆ ಬಾರದಂತೆ ನಾಳದಲ್ಲಿ ಹೇಗೆ ಕವಾಟಗಳಿವೆ ಎಂದೆಲ್ಲ ಉತ್ಸಾಹದಿಂದ ಹೇಳಿದೆ. ಕೊನೆಗೆ, ಏನಾದರೂ ಕೇಳುವುದಿದೆಯೇ ಎಂದೆ.

ಅವಳು ಎದ್ದು ನಿಂತಳು.

"ಮೇಡಂ, ಒಬ್ರು ಪೇಶೆಂಟು ಬೆಳಿಗ್ಗೆ ಬಿದ್ದೆ ಅಂತಾರೆ. ಸಂಜೆ ನೋಡಿದ್ರೆ ಅಂಚೆಲ್ಲ ಹಸಿರು, ಹಳದಿ. ಏನ್ ಅರ್ಥ?"

ಇಡೀ ತರಗತಿ ಪೆನ್ನು ಹಿಡಿದು ಕಾದಿತು. ಮೇಷ್ಟರ ಕೆಲಸದಲ್ಲಿ ಇಂಥ ಗಳಿಗೆ ಬಂದರೆ ಸುಳ್ಳು ಹೇಳಬಹುದು. ಆದರೆ ಪರೀಕ್ಷೆಯಲ್ಲಿ ಎಲ್ಲರೂ ಅದನ್ನೇ ಬರೆಯುತ್ತಾರೆ.

"ಬಿದ್ದು ನಾಲ್ಕೈದು ದಿನ ಆಗಿದೆ ಅಂತ ಅರ್ಥ," ಎಂದೆ. "ಪೇಶೆಂಟು ನಿಜ ಹೇಳ್ತಿಲ್ಲ."

"ಅಂಥ ಪೇಶೆಂಟ್‌ಗೆ ನಾವೇನ್ ಹೇಳ್ಬೇಕು ಮೇಡಂ?"

"ಕಾಲು ಎತ್ತಿಟ್ಕೊಳಿ ಅಂತ. ಅಷ್ಟೇ. ಬೇರೆ ಏನೂ ಕೇಳ್ಬಾರ್ದು. ಪೇಶೆಂಟಿನ ಗುಟ್ಟು ಕಾಪಾಡೋದು ನರ್ಸಿನ ಧರ್ಮ."

ಅವಳು ಅದನ್ನೂ ಬರೆದುಕೊಂಡು ಕೂತಳು. ನಗಲಿಲ್ಲ.

ಭಾನುವಾರ ಮಧ್ಯಾಹ್ನ ದೊಡ್ಡತ್ತೆ ಮೊಮ್ಮಗಳ ಜೊತೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಚಕ್ಕೋತ, ದೊಡ್ಡದು. ಜಗಲಿಯ ಮೇಲೆ ನನ್ನ ಕಾಲಿನ ಎದುರಿಗೇ ಕೂತು, ಚಾಕು ಕೇಳಿ ತೆಗೆದುಕೊಂಡು, ಸಿಪ್ಪೆ ಬಿಡಿಸತೊಡಗಿದರು. ಬಿಳಿ ತೊಗಟೆ ತೆಗೆದು, ಒಂದೊಂದೇ ತೊಳೆಯ ಪೊರೆ ಸುಲಿದು ತಟ್ಟೆಯಲ್ಲಿ ಜೋಡಿಸಿದರು. ಒಳಗೆ ನಸುಗೆಂಪು. ನಾನು ಕೈ ಚಾಚಿದೆ.

"ನಿಂಗೆ ಬೇಡಮ್ಮ. ಊತ ಇರೋರು ಹುಳಿ ತಿನ್ಬಾರ್ದು, ನಂಜಾಗ್ತದೆ."

ಅಂಥ ಪಥ್ಯ ಯಾವ ಪುಸ್ತಕದಲ್ಲೂ ಇಲ್ಲ. ಸಹಾಯಕ್ಕಾಗಿ ನನ್ನ ವಿದ್ಯಾರ್ಥಿನಿಯ ಕಡೆ ನೋಡಿದೆ. ಅವಳು ಒಂದು ತೊಳೆ ಬಾಯಿಗೆ ಹಾಕಿಕೊಂಡು, "ಅಜ್ಜಿ ಹೇಳಿದ್ದು ಸರಿ ಚಿಕ್ಕಮ್ಮ," ಎಂದಳು.

ದೊಡ್ಡತ್ತೆ ತಾವೂ ತಿಂದರು, ಅವಸರವಿಲ್ಲದೆ. ಅತ್ತೆಗೆ ಕೊಡಲಿಲ್ಲ. ಅತ್ತೆ ಕಂಬಕ್ಕೆ ಒರಗಿ ಬೀದಿ ನೋಡುತ್ತ ಕೂತಿದ್ದರು. ನಾಲ್ಕನೇ ತೊಳೆಗೆ ಅವರ ತಾಳ್ಮೆ ಮುಗಿಯಿತು.

"ಅದೇನ್ ಅಷ್ಟು ಸವಿದ್ ತಿಂತೀಯಕ್ಕ. ಬರೀ ಸಪ್ಪೆ."

ದೊಡ್ಡತ್ತೆಯ ಕೈ ನಿಂತಿತು. "ನಿಂಗೆಂಗ್ ಗೊತ್ತು?"

ನಾಲ್ಕು ದಿನದ ಕಂಬಳಿ, ಒಳಜ್ವರ, ಸೋಪಿನ ನೀರು ಎಲ್ಲವೂ ಆ ಒಂದು ಮಾತಿಗೆ ಕರಗಿದವು. ಅತ್ತೆ ನನ್ನ ಕಡೆ ನೋಡಿದರು. ನಾನು ಕಾಲಿನ ಬೆರಳು ಆಡಿಸುತ್ತ ಕೂತೆ. ಹುಡುಗಿ ಎದ್ದು ಒಳಗೆ ನೀರು ಕುಡಿಯಲು ಹೋದಳು. ಅಲ್ಲಿಂದ ಕೆಮ್ಮಿನಂಥ ಸದ್ದು ಬಹಳ ಹೊತ್ತು ಬಂತು.

"ನೀವು ಕಿತ್ತಿದ್ದು ಬಲ್ತಿರ್ಲಿಲ್ಲ ಕಣೆ," ಎಂದರು ದೊಡ್ಡತ್ತೆ ಕೊನೆಗೆ. "ಗೋಡೆ ಕಡೆ ಕೊಂಬೆಗೆ ಬಿಸ್ಲು ಕಮ್ಮಿ. ಅದು ಲೇಟು. ನೆಟ್ಟೋಳು ನೀನು, ಅಷ್ಟೂ ತಿಳೀಬಾರ್ದಾ?"

ನೆಟ್ಟವಳು ನೀನು ಎಂಬ ಮಾತು ಆ ಜಗಲಿಯಲ್ಲಿ ಯಾರೂ ಅದುವರೆಗೆ ಆಡಿರಲಿಲ್ಲ. ದೊಡ್ಡತ್ತೆ ತಟ್ಟೆಯನ್ನು ಅವರ ಕಡೆ ನೂಕಿದರು. ಅತ್ತೆ ಒಂದು ತೊಳೆ ತೆಗೆದುಕೊಂಡು, ಕಣ್ಣು ಮುಚ್ಚಿ ಅಗಿದರು. ನಾವೆಲ್ಲ ಕಾದೆವು.

"ಪರ್ವಾಗಿಲ್ಲ," ಎಂದರು. ಇನ್ನೊಂದು ತೆಗೆದುಕೊಂಡರು.

ನನಗೆ ಆ ದಿನ ಒಂದು ತೊಳೆಯೂ ಸಿಗಲಿಲ್ಲ. ಮೊಮ್ಮಗಳು ಅಜ್ಜಿಗೆ ಹೇಳಿದ್ದಳೇ ಎಂದು ನಂತರ ಕೇಳಿದೆ. ಇಲ್ಲ ಎಂದಳು. ಸೊಪ್ಪಿನ ಮಡಿಯ ಗುರುತು ನೋಡಿದ ಸಂಜೆಯೇ ಅಜ್ಜಿ, "ಇದು ನಮ್ ಮೇಡಮ್ಮಂದೇ," ಎಂದಿದ್ದರಂತೆ.

ಊತ ಪೂರ್ತಿ ಇಳಿಯಲು ಮೂರು ವಾರ ಬೇಕಾಯಿತು. ನೀಲಿ ಬಣ್ಣ ಹಸಿರಾಗಿ, ಹಳದಿಯಾಗಿ, ಒಂದು ದಿನ ಹುಡುಕಿದರೂ ಕಾಣಲಿಲ್ಲ. ಅಷ್ಟು ದಿನವೂ ದೊಡ್ಡತ್ತೆ ಸಂಜೆ ಬಂದು, ನನ್ನ ಕಾಲನ್ನು ಹೆಬ್ಬೆರಳಿಂದ ಒತ್ತಿ, ಗುಳಿ ಎಷ್ಟು ಬೇಗ ತುಂಬುತ್ತದೆ ಎಂದು ನೋಡಿ ಹೋಗುತ್ತಿದ್ದರು. ಇದನ್ನು ಅವರಿಗೆ ಹೇಳಿಕೊಟ್ಟವರು ಯಾರು ಎಂದು ಬೇರೆ ಹೇಳಬೇಕಿಲ್ಲ. ಡೇರಿಯಲ್ಲಿ ಯಾರಾದರೂ ನನ್ನ ಕುಂಟಿನ ಬಗ್ಗೆ ಕೇಳಿದರೆ ಅವರೇ ಮುಂದೆ ಬಂದು ಉತ್ತರ ಕೊಡುತ್ತಿದ್ದರಂತೆ: "ಗುರುವಾರ ಬೆಳಿಗ್ಗೆ ಮೆಟ್ಲು ಜಾರಿ ಬಿದ್ಲು ಕಣ್ರವ್ವ. ನಾನೇ ಕಣ್ಣಾರ ನೋಡ್ದೆ."